ಗಡಿಯಾರ ಗೋಪುರದ ಪೂರ್ವದ ಕಿಂಡಿ

"ಇನ್ನೊಂದು ಸಲ ಓದು. ಜೋರಾಗಿ ಬೇಡ, ನನಗೆ ಕೇಳಿಸಿದರೆ ಸಾಕು," ಎಂದರು ಲೈಬ್ರರಿ ಮಿಸ್.

ಗುಬ್ಬಿ ಮೂಗು ಒರೆಸಿಕೊಂಡು ತನ್ನ ಪ್ರಬಂಧವನ್ನು ಕೈಗೆತ್ತಿಕೊಂಡಳು. "ಸಂಜೆಯಾಗುತ್ತಲೇ ಬಾವಲಿಗಳು ಪೂರ್ವದ ಕಿಂಡಿಯಿಂದ ಹೊರಡುತ್ತವೆ, ಯಾರೋ ಕಪ್ಪು ದಾರದ ಉಂಡೆ ಬಿಚ್ಚಿ ಆಕಾಶಕ್ಕೆ ಎಸೆದ ಹಾಗೆ."

ಮಿಸ್ ಎದುರಿಗಿದ್ದ ಹಳೆಯ ಪತ್ರಿಕೆಯ ಸಾಲಿನ ಮೇಲೆ ಬೆರಳಿಟ್ಟು ಅವಳ ದನಿಯ ಜೊತೆಜೊತೆಗೇ ಬಂದರು. ಒಂದಕ್ಷರವೂ ಆಚೀಚೆ ಇರಲಿಲ್ಲ.

ನಿನ್ನೆ ಹೆಡ್‌ಮಿಸ್ ಮೇಜಿನ ಮೇಲೆ, ತಂದಿಟ್ಟವರು ಯಾರೆಂದು ತಿಳಿಯದಂತೆ ಬಂದು ಕೂತಿದ್ದ ಪತ್ರಿಕೆ ಅದು. ಗುಬ್ಬಿ ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲು ಅಚ್ಚಾದ ಅದರ ಒಂದು ಪುಟದಲ್ಲಿ, 'ನಿಶಾಚರಿ' ಎಂಬ ಗುಪ್ತನಾಮದಲ್ಲಿ, ಈಗ ಗುಬ್ಬಿಗೆ ಮೊದಲ ಬಹುಮಾನ ತಂದಿದ್ದ ಪ್ರಬಂಧದ ಅರ್ಧಕ್ಕರ್ಧ ಇತ್ತು.

"ನಾನು ಕದ್ದಿಲ್ಲ ಮಿಸ್," ಎಂದಳು ಗುಬ್ಬಿ. "ಈ ಪುಸ್ತಕಾನ ನಾನು ನೋಡೇ ಇಲ್ಲ. ಬೇಕಾದ್ರೆ ಆಣೆ ಮಾಡ್ತೀನಿ."

"ಆಣೆಯಿಂದ ನನಗೇನೂ ಉಪಯೋಗ ಇಲ್ಲ ಮರಿ. ನನಗೆ ಬೇಕಾಗಿರೋದು ಉತ್ತರ."

ನಾಳೆ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಉತ್ತರ ಸಿಗಬೇಕಿತ್ತು. ಸಿಗದಿದ್ದರೆ ಇಡೀ ಶಾಲೆಯ ಎದುರು ಬಹುಮಾನ ವಾಪಸ್ ಎಂದು ಹೆಡ್‌ಮಿಸ್ ಹೇಳಿಬಿಟ್ಟಿದ್ದರು. ಅದರ ಜೊತೆಗೇ ಮಿಸ್ ಹಟ ಹಿಡಿದು ಶುರು ಮಾಡಿದ್ದ 'ಹುಡುಕಾಟದ ಪೀರಿಯಡ್ಡೂ' ಹೋಗುತ್ತಿತ್ತು. ಮಕ್ಕಳು ತಮಗೆ ಬೇಕಾದ ಪ್ರಶ್ನೆ ಹಿಡಿದು ಲೈಬ್ರರಿಗೆ ಬರುವ, ಉತ್ತರವನ್ನು ತಾವೇ ಬೇಟೆಯಾಡುವ ಪೀರಿಯಡ್ ಅದು. ಹುಡುಕಾಟ ಎಂದರೆ ಇದೇ ಏನು, ಕಳ್ಳತನವಾ ಎಂದು ಸ್ಟಾಫ್ ರೂಮಿನಲ್ಲಿ ಆಗಲೇ ಮಾತು ಎದ್ದಿತ್ತು.

ಮಿಸ್ ಎದುರಿಗಿದ್ದ ಮುಖವನ್ನು ನೋಡಿದರು. ಈ ಹುಡುಗಿ ಮೊದಲ ಸಲ ಲೈಬ್ರರಿಗೆ ಬಂದದ್ದು ಓದಲಿಕ್ಕಲ್ಲ, ಆಟದ ಪೀರಿಯಡ್ ತಪ್ಪಿಸಿಕೊಂಡು ಮೇಜಿನ ಕೆಳಗೆ ಮಲಗಲಿಕ್ಕೆ. ಮಿಸ್ ಅವಳನ್ನು ಎಬ್ಬಿಸಲಿಲ್ಲ. ಮೇಜಿನ ಮೇಲೆ ಕೂತು, ಯಾರಿಗೋ ಎಂಬಂತೆ, ಒಂದು ಕಥೆಯನ್ನು ಜೋರಾಗಿ ಓದತೊಡಗಿದರು. ಕಥೆಯ ಹುಡುಗ ಬಾವಿಯೊಳಗೆ ಅರ್ಧ ಇಳಿದು ಹಗ್ಗ ಸಡಿಲವಾಯಿತು ಎನ್ನುವಲ್ಲಿ ಪುಸ್ತಕ ಮುಚ್ಚಿ, "ಅಯ್ಯೋ, ಕೆಲಸ ಇದೆ," ಎಂದು ಎದ್ದು ಹೋದರು. ಬೀರುವಿನ ಹಿಂದಿನಿಂದ ಇಣುಕಿ ನೋಡಿದಾಗ ಮೇಜಿನ ಕೆಳಗಿಂದ ಒಂದು ಪುಟ್ಟ ಕೈ ಬಂದು ಪುಸ್ತಕವನ್ನು ಒಳಗೆಳೆದುಕೊಂಡಿತ್ತು.

ಅವತ್ತಿನಿಂದ ಅವಳು ಗುಬ್ಬಿ. ಒಂದು ಕಪಾಟಿನಿಂದ ಇನ್ನೊಂದಕ್ಕೆ ಕುಪ್ಪಳಿಸುತ್ತ, ಅಲ್ಲೊಂದು ಪುಟ ಇಲ್ಲೊಂದು ಪುಟ ಕುಕ್ಕುತ್ತ ಬೆಳೆದವಳು.

ಇವಳನ್ನು ಸುಮ್ಮನೆ ನಂಬಿಬಿಡಬೇಕು ಎಂದು ಮಿಸ್‌ಗೆ ಅನ್ನಿಸಿತು. ಆದರೆ ಗೋಡೆಯ ಮೇಲೆ ಅವರದೇ ಕೈಬರಹದ ಮೂರು ಪ್ರಶ್ನೆಗಳು ಅವರನ್ನೇ ನೋಡುತ್ತಿದ್ದವು. ಯಾರು ಹೇಳಿದ್ದು? ಅವರು ಕಂಡಿದ್ದಾ, ಕೇಳಿದ್ದಾ? ಬೇರೆ ಯಾರು ಹಾಗೆ ಹೇಳುತ್ತಾರೆ? ಪ್ರೀತಿಯವರು ಸಿಕ್ಕಿಹಾಕಿಕೊಂಡಾಗ ಈ ಪ್ರಶ್ನೆಗಳಿಗೆ ರಜೆ ಎಂದು ಕೆಳಗೆಲ್ಲೂ ಬರೆದಿರಲಿಲ್ಲ.

"ಪೂರ್ವದ ಕಿಂಡಿ ಅಂತ ಬರೆದಿದ್ದೀಯಲ್ಲ, ನೀನೇ ಕಂಡಿದ್ದಾ?"

ಗುಬ್ಬಿಯ ಕಣ್ಣು ಪಕ್ಕಕ್ಕೆ ಸರಿಯಿತು. "ಹೂಂ."

"ಸರಿ ಹಾಗಾದ್ರೆ. ಬಾ, ಹೋಗಿ ನೋಡಿಕೊಂಡು ಬರೋಣ."

ಗಡಿಯಾರ ಗೋಪುರ ಇದ್ದದ್ದು ಲೈಬ್ರರಿಯ ತಲೆಯ ಮೇಲೆಯೇ. ಗಡಿಯಾರ ಎಂದೋ ನಿಂತುಹೋಗಿತ್ತು. ಹಳೆಯ ದಿನಪತ್ರಿಕೆಗಳ ಕಟ್ಟುಗಳನ್ನು ಮೆಟ್ಟಿಲ ಬುಡದಲ್ಲಿ ಪೇರಿಸಿಟ್ಟಿದ್ದರಿಂದ ಬಾಗಿಲಿನ ಕೀಲಿ ಮಿಸ್ ಹತ್ತಿರವೇ ಇತ್ತು. ಆ ಕಟ್ಟುಗಳಾಚೆ ಅವರೂ ಎಂದೂ ಹತ್ತಿದವರಲ್ಲ.

ಮರದ ಮೆಟ್ಟಿಲು ಒಂದೊಂದು ಹೆಜ್ಜೆಗೂ ಗೊಣಗಿತು. ಮೇಲೇರಿದಂತೆ ಬಾವಲಿ ಹಿಕ್ಕೆಯ ಘಾಟು ಮೂಗಿಗೆ ಅಡರಿತು. ತೊಲೆಯ ತುಂಬ ಪುಟ್ಟ ಬಾವಲಿಗಳು ಒಣಗಿದ ಎಲೆಗಳ ಹಾಗೆ ಜೋತುಬಿದ್ದಿದ್ದವು. ಅವುಗಳಲ್ಲೊಂದು ಕಣ್ಣು ಬಿಟ್ಟು ಇವರನ್ನು ತಲೆಕೆಳಗಾಗಿ ನೋಡಿ, ಬೇಡದ ನೆಂಟರು ಬಂದಂತೆ ಮುಖ ತಿರುಗಿಸಿತು. ಅಂಥ ಹೊತ್ತಿನಲ್ಲೂ ಗುಬ್ಬಿಗೆ ನಗು ಬಂತು.

ಪಶ್ಚಿಮದ ಗೋಡೆಯಲ್ಲಿ ಕಿಂಡಿ ಇತ್ತು. ಬೆಳಕು ಬರುತ್ತಿದ್ದದ್ದೇ ಅಲ್ಲಿಂದ.

ಪೂರ್ವದ ಗೋಡೆಯಲ್ಲಿ ಕಿಂಡಿ ಇರಲಿಲ್ಲ. ಕಿಂಡಿ ಇದ್ದ ಜಾಗ ಮಾತ್ರ ಇತ್ತು. ಕಲ್ಲಿನ ಗೋಡೆಯ ನಡುವೆ ಆಳೆತ್ತರದ ಒಂದು ಚೌಕವನ್ನು ಇಟ್ಟಿಗೆಯಿಂದ ಮುಚ್ಚಿ ಗಾರೆ ಬಳಿದಿದ್ದರು. ಗಾರೆ ಕೂಡ ಹಳೆಯದೇ, ಬಿರುಕಿನಲ್ಲಿ ಪಾಚಿ ಕಟ್ಟಿತ್ತು.

ಮಿಸ್ ಅಂಗೈಯಿಂದ ಇಟ್ಟಿಗೆಯನ್ನು ಒಮ್ಮೆ ಸವರಿ ಗುಬ್ಬಿಯ ಕಡೆ ತಿರುಗಿದರು.

ಗುಬ್ಬಿ ಅಲ್ಲೇ ಕುಸಿದು ಕೂತಳು. "ನಾನು ಮೇಲೆ ಬಂದೇ ಇರಲಿಲ್ಲ ಮಿಸ್. ಕೆಳಗೆ ಮೈದಾನದಲ್ಲಿ ನಿಂತು ನೋಡಿದ್ದೆ. ಹಿಂದುಗಡೆಯಿಂದ ಬರ್ತಿದ್ವು. ಯಾವ ದಿಕ್ಕು ಅಂತ ನೋಡಲಿಲ್ಲ."

"ಮತ್ತೆ ಪೂರ್ವ ಅಂತ ಯಾರು ಹೇಳಿದ್ದು?"

"ಚಿಕ್ಕಮ್ಮ."

ಅಮ್ಮ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್. ಗುಬ್ಬಿ ಬೆಳೆಯುತ್ತಿದ್ದದ್ದು ಚಿಕ್ಕಮ್ಮನ ಮಡಿಲಲ್ಲಿ. ನಿದ್ದೆ ಬಾರದಾಗ ಚಿಕ್ಕಮ್ಮ ಹೇಳುತ್ತಿದ್ದದ್ದು ಒಂದೇ ಕಥೆ, ಗೋಪುರದ ಬಾವಲಿಗಳದು. ಪ್ರತಿ ಸಲವೂ ಅದೇ ಮಾತುಗಳು. ಒಂದು ಮಾತು ಬದಲಾದರೂ ಪುಟ್ಟ ಗುಬ್ಬಿ ತಕರಾರು ಮಾಡುತ್ತಿದ್ದಳಂತೆ.

"ಬರೆಯೋಕೆ ಕೂತ್ರೆ ಅದೇ ಮಾತು ತಾನಾಗಿ ಬಂತು ಮಿಸ್. ನನ್ನ ಮಾತೇ ಅನ್ನಿಸ್ತು. ಕೊನೆಗೆ ಎಲ್ಲಿಂದ ತಿಳೀತು ಅಂತ ಬರೀಬೇಕಲ್ಲ, ಆಗ 'ಚಿಕ್ಕಮ್ಮ ಹೇಳಿದ್ದು' ಅಂತ ಹಾಕ್ತೀನಿ ಅಂದೆ. ಚಿಕ್ಕಮ್ಮ ಬೇಡವೇ ಬೇಡ ಅಂದ್ರು. ಅದಕ್ಕೇ 'ನಾನು ಕಂಡಿದ್ದು' ಅಂತ ಹಾಕಿದೆ."

ಮಿಸ್ ಸೀರೆಯ ನೆರಿಗೆ ಎತ್ತಿಕೊಂಡು ಅವಳ ಪಕ್ಕದಲ್ಲೇ, ಆ ಧೂಳಿನಲ್ಲೇ ಕೂತರು.

"ನೋಡು ಮರಿ. ನೀನು ಕದ್ದಿಲ್ಲ, ಅದು ನನಗೀಗ ಗೊತ್ತಾಯ್ತು. ಆದರೆ ಕೇಳಿದ್ದನ್ನ ಕಂಡೆ ಅಂತ ಬರೆದೆ. ಅದು ಸಣ್ಣ ತಪ್ಪಲ್ಲ. ನಿನ್ನ ಮಾತು ನಂಬಿ ಇನ್ನೊಬ್ಬರು ಈ ಗೋಡೆಗೆ ಬಂದು ಹಣೆ ಚಚ್ಚಿಕೊಳ್ತಾರೆ. ಇವತ್ತು ನಾನು ಚಚ್ಚಿಕೊಂಡ ಹಾಗೆ."

"ಬಹುಮಾನ ವಾಪಸ್ ಕೊಡ್ತೀನಿ."

"ಅದನ್ನ ಆಮೇಲೆ ನೋಡೋಣ. ಮೊದಲು ಆ ಸಾಲು ಸರಿ ಮಾಡು."

ಗುಬ್ಬಿ ಅಲ್ಲೇ ಮಂಡಿಯ ಮೇಲೆ ಹಾಳೆ ಇಟ್ಟುಕೊಂಡು 'ನಾನು ಕಂಡಿದ್ದು' ಎಂಬುದನ್ನು ಹೊಡೆದುಹಾಕಿ, 'ಚಿಕ್ಕಮ್ಮನಿಂದ ಕೇಳಿದ್ದು. ಈಗ ನೋಡಿದರೆ ಆ ಕಿಂಡಿ ಮುಚ್ಚಿದೆ' ಎಂದು ಬರೆದಳು. ಬರೆದು ಮುಗಿಸಿದ ಮೇಲೆ ಅವಳಿಗೇ ಒಂದು ಪ್ರಶ್ನೆ ಹೊಳೆಯಿತು. ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಆರಿರಲಿಲ್ಲ.

"ಮಿಸ್, ಇದನ್ನ ಯಾಕೆ ಮುಚ್ಚಿದ್ರು?"

ಮಿಸ್ ಅವಳ ತಲೆಕೂದಲಲ್ಲಿ ಸಿಕ್ಕಿಕೊಂಡಿದ್ದ ಜೇಡರ ಬಲೆಯನ್ನು ಬಿಡಿಸಿದರು. "ಗೊತ್ತಿಲ್ಲ. ಈಗ ಅದೂ ನಮ್ಮ ಪ್ರಶ್ನೆ."

ಕೊನೆಯ ಗಂಟೆ ಹೊಡೆದು ಗುಬ್ಬಿ ಮನೆ ಕಡೆ ಹೊರಟ ಮೇಲೆ ಮಿಸ್ ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಾಳೆ ಹಳದಿಗೆ ತಿರುಗಿತ್ತು. ರಟ್ಟಿನ ಮೂಲೆಯಲ್ಲಿ ಮಾತ್ರ ಒಂದು ಹೊಸ ಕಲೆ. ಹೆಬ್ಬೆರಳಿನ ಗಾತ್ರದ್ದು, ಕಂದು ಬಣ್ಣದ್ದು, ಅಂಚಿನಲ್ಲಿ ತುಸು ನೇರಳೆ.

ಅಂಥದೇ ಕಲೆಗಳನ್ನು ಅವರು ಈ ವಾರವೆಲ್ಲ ಮಕ್ಕಳು ಹಿಂದಿರುಗಿಸಿದ ಪುಸ್ತಕಗಳಿಂದ ಉಜ್ಜಿ ಉಜ್ಜಿ ಸೋತಿದ್ದರು. ಲ್ಯಾಬಿನಲ್ಲಿ, ಮುಟ್ಟಿದ ಕೈಗೆಲ್ಲ ಕಂದು ಕಲೆ ಹಿಡಿಸುವ ನೇರಳೆ ಪರ್ಮಾಂಗನೇಟ್ ಪುಡಿಯ ಪ್ರಯೋಗ ನಡೆಯುತ್ತಿದ್ದ ವಾರ ಅದು.

ವಿಜ್ಞಾನದ ಸಾರ್ ಲ್ಯಾಬಿನಲ್ಲಿ ಒಬ್ಬರೇ ಇದ್ದರು. ಗಾಜಿನ ಕೊಳವೆಗಳನ್ನು ತೊಳೆದು, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಒಪ್ಪವಾಗಿ ಜೋಡಿಸುತ್ತಿದ್ದರು. ಎರಡನೇ ಬಹುಮಾನ ಬಂದದ್ದು ಅವರ ಕೈಯಲ್ಲಿ ತಯಾರಾದ ಹುಡುಗನಿಗೆ.

"ಸಾರ್, ನಿಮ್ಮ ಹೆಬ್ಬೆರಳು ತೋರಿಸ್ತೀರಾ?"

"ಏನು ಮೇಡಂ, ಜ್ಯೋತಿಷ್ಯ ಶುರು ಮಾಡಿದ್ರಾ?"

ಮಿಸ್ ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಕಲೆಯ ಕಡೆ ಬೆರಳು ಮಾಡಿದರು. ಸಾರ್ ಕೈಯಲ್ಲಿದ್ದ ಕೊಳವೆ ತಟ್ಟೆಗೆ ತಗಲಿ ಠಣ್ ಎಂದಿತು. ಅವರ ಹೆಬ್ಬೆರಳು ಉಗುರಿನವರೆಗೂ ಕಂದಾಗಿತ್ತು.

"ನೀವೇ ತಂದಿಟ್ಟಿದ್ದು."

"ಇಟ್ಟೆ. ಏನೀಗ? ಕಳ್ಳತನ ಕಂಡಿತು, ತೋರಿಸಿದೆ. ನಿಮ್ಮ ಮುದ್ದಿನ ಹುಡುಗಿ ಅಂತ ಸುಮ್ಮನಿರಬೇಕಿತ್ತಾ?"

"ಇರಬಾರದಿತ್ತು. ನನಗೆ ಬಂದು ಹೇಳಬೇಕಿತ್ತು. ಹೆಸರಿಲ್ಲದೆ ಇಟ್ಟು ಯಾಕೆ ಹೋದ್ರಿ?"

"ಹೆಸರು ಹೇಳಿದ್ರೆ ಹೊಟ್ಟೆಕಿಚ್ಚು ಅಂತಿದ್ರಿ."

"ಅಲ್ವಾ ಹಾಗಾದ್ರೆ?"

ಸಾರ್ ಒಣಗಿದ್ದ ಕೊಳವೆಯನ್ನೇ ಮತ್ತೆ ಒರೆಸತೊಡಗಿದರು. ಮಿಸ್ ದನಿ ತಗ್ಗಿಸಿದರು. ಮಳೆಯಲ್ಲಿ ನೆನೆದು ಬಂದ ಮಕ್ಕಳ ಶೂಗಳನ್ನು ಇದೇ ಲ್ಯಾಬಿನ ದೀಪದ ಮುಂದೆ ಸಾಲಾಗಿ ಇಟ್ಟು ಒಣಗಿಸುವ ಮನುಷ್ಯ ಇವರು. ಕೆಟ್ಟವರೆಂದು ಹೇಗೆ ಅನ್ನುವುದು?

"ಸಾರ್, ನೀವು ಮಕ್ಕಳಿಗೆ ಏನು ಹೇಳ್ತೀರಿ? ಒಂದೇ ಸಲ ನೋಡಿ ತೀರ್ಮಾನ ಬರೀಬೇಡಿ ಅಂತ ತಾನೇ? ಇದು ನಿಮ್ಮ ಕೈಗೆ ಹೇಗೆ ಬಂತು, ತಂದವರು ಯಾರು, ಯಾಕೆ ತಂದರು, ಒಂದನ್ನಾದರೂ ಕೇಳಿದ್ರಾ?"

ಸಾರ್ ಸ್ಟೂಲು ಎಳೆದುಕೊಂಡು ಕೂತರು.

"ಗೇಟಿನ ಹತ್ತಿರ ಒಬ್ಬ ಹೆಂಗಸು ಕೊಟ್ಟರು. ವಯಸ್ಸಾದವರು. ಬೆಳ್ಳಗಿನ ಕೂದಲು, ಬೆನ್ನು ಮಾತ್ರ ನೆಟ್ಟಗೆ. ಬಹುಮಾನದ ಪ್ರಬಂಧಗಳನ್ನ ಹೊರಗಿನ ಬೋರ್ಡಿಗೆ ಅಂಟಿಸಿದ್ವಲ್ಲ, ಅದನ್ನ ಓದ್ತಾ ನಿಂತಿದ್ರು. ನಾನು ಹೋದಾಗ ಚೀಲದಿಂದ ಇದನ್ನ ತೆಗೆದು 'ಲೈಬ್ರರಿಗೆ ಕೊಡಿ' ಅಂದ್ರು. ಒಳಗೆ ಬಂದು ತಿರುವಿ ನೋಡಿದೆ. ಆಮೇಲೆ..." ಅವರು ಕತ್ತು ಬಗ್ಗಿಸಿದರು. "ಆಮೇಲೆ ನನ್ನ ಬುದ್ಧಿ ನೆಟ್ಟಗಿರಲಿಲ್ಲ ಮೇಡಂ."

"ಕೋಪದಲ್ಲಿದ್ರಾ ಅವರು?"

"ಕೋಪವಾ? ನಗ್ತಾ ಇದ್ರು. ಕಣ್ಣಲ್ಲಿ ನೀರೂ ಇತ್ತು. ಪೂರ್ವದ ಕಿಂಡಿ ಇನ್ನೂ ತೆರೆದೇ ಇದೆಯಾ ಅಂತ ಕೇಳಿದ್ರು. ನನಗೇನು ಗೊತ್ತು? ಆಮೇಲೆ ಗೋಪುರದ ಕಡೆ ನೋಡಿ 'ನನ್ನ ಹುಡುಗರು ಚೆನ್ನಾಗಿದಾರಾ' ಅಂದ್ರು. ಯಾವುದೋ ಮಗುವಿನ ಅಜ್ಜಿ ಅಂದುಕೊಂಡೆ."

"ಇನ್ನೇನು ಕೇಳಿದ್ರು?"

"ಈ ಪ್ರಬಂಧ ಬರೆದವಳು ಯಾರ ಮನೆ ಹುಡುಗಿ ಅಂತ. ಹೇಳಿದೆ."

ಮಿಸ್ ಎದ್ದರು. ಅವರು ಬಾಗಿಲು ತಲುಪುವಷ್ಟರಲ್ಲಿ ಸಾರ್ ಹಿಂದಿನಿಂದ ಕೂಗಿದರು. "ಮೇಡಂ, ನಾಳೆ ಪ್ರಾರ್ಥನೆಗೆ ಮೊದಲು ನಾನೇ ಹೆಡ್‌ಮಿಸ್ ಹತ್ತಿರ ಹೋಗ್ತೀನಿ. ಆ ಮಗುಗೂ ಹೇಳ್ತೀನಿ, ಸಾರ್ ತಪ್ಪು ಮಾಡಿದ್ರು ಅಂತ."

"ಅವಳೂ ಒಂದು ತಪ್ಪು ತಿದ್ದಿಕೊಂಡಿದ್ದಾಳೆ ಸಾರ್. ಇಬ್ಬರೂ ಒಟ್ಟಿಗೇ ಹೋಗಿ."

ಚಿಕ್ಕಮ್ಮನ ಕನ್ನಡಕದ ಅಂಗಡಿ ಶಾಲೆಯ ಹಿಂದಿನ ಬೀದಿಯಲ್ಲಿತ್ತು. ಕೆಳಗೆ ಅಂಗಡಿ, ಮೇಲೆ ಮನೆ. ಮಿಸ್ ಬಂದಾಗ ಬೀದಿಯ ದೀಪ ಇನ್ನೂ ಹತ್ತಿರಲಿಲ್ಲ. ಚಿಕ್ಕಮ್ಮ ಷಟರ್ ಅರ್ಧ ಎಳೆದು, ಮೇಲಿನ ಮನೆಯಲ್ಲಿ ಒಲೆಗೆ ಚಹಾದ ನೀರಿಟ್ಟಿದ್ದರು.

"ಗುಬ್ಬಿ ಇನ್ನೂ ಬಂದಿಲ್ಲ ಮಿಸ್. ದಾರಿಯಲ್ಲಿ ಬೆಕ್ಕಿನ ಮರಿ ಕಂಡರೆ ಅವಳಿಗೆ ಮನೆ ಮರೆತುಹೋಗತ್ತೆ. ಕೂತ್ಕೊಳ್ಳಿ, ಬಂದುಬಿಡ್ತಾಳೆ."

ಮಿಸ್ ಕೂತರು. ಪತ್ರಿಕೆಯನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. "ಗುಬ್ಬಿಗೆ ಹೇಳ್ತೀರಲ್ಲ, ಆ ಬಾವಲಿ ಕಥೆ ನನಗೂ ಹೇಳಿ. ಮೊದಲ ಸಾಲು ಸಾಕು."

ಚಿಕ್ಕಮ್ಮ ಸಕ್ಕರೆ ಡಬ್ಬಿ ಹಿಡಿದು ನಿಂತರು. ಆಮೇಲೆ ಕಣ್ಣು ಮುಚ್ಚಿ, ಮಗ್ಗಿ ಒಪ್ಪಿಸುವ ಮಗುವಿನ ದನಿಯಲ್ಲಿ ಹೇಳಿದರು. "ಸಂಜೆಯಾಗುತ್ತಲೇ ನನ್ನ ಹುಡುಗರು ಪೂರ್ವದ ಕಿಂಡಿಯಿಂದ ಹೊರಡುತ್ತಾರೆ..."

ಮಿಸ್ ಪತ್ರಿಕೆ ಇದ್ದ ಚೀಲದ ಮೇಲೆ ಕೈ ಇಟ್ಟರು. ಅಚ್ಚಿನಲ್ಲಿದ್ದದ್ದು 'ಬಾವಲಿಗಳು'. ಗುಬ್ಬಿ ಬರೆದದ್ದೂ 'ಬಾವಲಿಗಳು'.

"ಹುಡುಗರು ಅಂದ್ರಲ್ಲ?"

"ಮೊದಲು ಹಾಗೇ ಇತ್ತು. ಬಾವಲಿಗಳನ್ನ ಹುಡುಗರು ಅಂದರೆ ಓದುವವರು ನಗ್ತಾರೆ ಅಂತ ಅಚ್ಚಿಗೆ ಕೊಡೋವಾಗ ಬದಲಾಯಿಸಿದ್ವಿ. ಗುಬ್ಬಿಗೂ ಅಚ್ಚಾದ ಹಾಗೇ ಹೇಳ್ತಿದ್ದೆ. ಇವತ್ತೇನೋ ಹಳೇದು ಬಾಯಿಗೆ ಬಂತು."

"ಹಾಗಾದ್ರೆ ನಿಶಾಚರಿ ನೀವು."

"ಅರ್ಧ ನಿಶಾಚರಿ." ಚಿಕ್ಕಮ್ಮ ಮೆಲ್ಲಗೆ ನಕ್ಕರು. "ಇನ್ನರ್ಧ ಲೈಬ್ರರಿ ಅಮ್ಮ. ನಿಮಗಿಂತ ಎಷ್ಟೋ ಮುಂಚೆ ನಿಮ್ಮ ಕುರ್ಚಿಯಲ್ಲಿ ಕೂತಿದ್ದವರು."

ಚಹಾ ಲೋಟ ಮಿಸ್ ಮುಂದಿಟ್ಟು ಚಿಕ್ಕಮ್ಮ ಎದುರಿಗೆ ಕೂತರು.

"ಗುಬ್ಬಿ ವಯಸ್ಸಲ್ಲಿ ನನಗೆ ಓದೋಕೆ ಬರ್ತಿರಲಿಲ್ಲ ಮಿಸ್. ಅಕ್ಷರ ಎಲ್ಲ ಇರುವೆ ಸಾಲಿನ ಹಾಗೆ ಹರಿದುಹೋಗೋದು. ದಡ್ಡಿ ಅಂತ ಎಲ್ಲರೂ ಕೈಬಿಟ್ಟಿದ್ರು. ಲೈಬ್ರರಿ ಅಮ್ಮ ಮಾತ್ರ ಓದು ಅಂತ ಒಂದು ದಿನವೂ ಅನ್ನಲಿಲ್ಲ. ಗೋಪುರಕ್ಕೆ ಕರಕೊಂಡು ಹೋಗಿ ಬಾವಲಿ ತೋರಿಸಿದ್ರು. 'ನೀನು ಹೇಳು, ನಾನು ಬರೀತೀನಿ' ಅಂದ್ರು. ನಾನು ಬಾಯಿಗೆ ಬಂದಿದ್ದೆಲ್ಲ ಹೇಳಿದೆ. ಅದನ್ನ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದು ನನ್ನ ಕೈಗೇ ಕೊಟ್ಟರು. 'ಇದು ನಿನ್ನ ಮಾತು. ನಿನ್ನ ಮಾತು ನಿನಗೆ ಓದೋಕೆ ಬರಲ್ವಾ?' ಅಂತ ಕೇಳಿದ್ರು."

"ಓದಿದ್ರಾ?"

"ಓದಿದೆ! ದೊಡ್ಡ ಅಕ್ಷರ ಕಂಡಿತಲ್ಲ. ಆಗ ಅವರಿಗೆ ಹೊಳೀತು, ಈ ಹುಡುಗಿ ದಡ್ಡಿಯಲ್ಲ, ಇವಳಿಗೆ ಕಣ್ಣು ಕಾಣಲ್ಲ ಅಂತ. ಮಾರನೇ ದಿನವೇ ಕಣ್ಣಿನ ಡಾಕ್ಟರ ಹತ್ತಿರ ಕರಕೊಂಡು ಹೋದ್ರು. ನನ್ನ ಮೊದಲ ಕನ್ನಡಕ ಅವರದೇ ಕೊಡುಗೆ." ಚಿಕ್ಕಮ್ಮ ಮೂಗಿನ ಮೇಲಿನ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. "ಈ ಅಂಗಡಿ ಯಾಕೆ ಇಟ್ಟೆ ಅಂತ ಜನ ಕೇಳ್ತಾರೆ. ಏನಂತ ಹೇಳಲಿ?"

ಮಿಸ್ ಅವರ ಕೈಯ ಮೇಲೆ ಕೈ ಇಟ್ಟರು. ತಾನು ದಿನಾ ಕೂರುವ ಆ ಕುರ್ಚಿ, ತಾನು ದಿನಾ ಒರೆಸುವ ಆ ಕಪಾಟುಗಳು, ಇದ್ದಕ್ಕಿದ್ದಂತೆ ಯಾರೋ ಹಿರಿಯಕ್ಕ ಬಿಟ್ಟುಹೋದ ಮನೆಯಂತೆ ಕಂಡವು.

"ಮತ್ತೆ ಗುಬ್ಬಿಗೆ ನಿಮ್ಮ ಹೆಸರು ಹಾಕಬೇಡ ಅಂತ ಯಾಕೆ ಅಂದ್ರಿ? ಇಷ್ಟು ಒಳ್ಳೆ ಕಥೆ ಬಚ್ಚಿಡೋದು ಯಾಕೆ?"

ಚಿಕ್ಕಮ್ಮನ ಕೈ ನಿಧಾನವಾಗಿ ಹಿಂದೆ ಸರಿಯಿತು.

"ಆ ಲೇಖನ ಅಚ್ಚಾಗಿ ಬಂದ ವಾರವೇ ಲೈಬ್ರರಿ ಅಮ್ಮ ಪೂರ್ವದ ಕಿಂಡಿಯಿಂದ ಬಿದ್ದು ತೀರಿಕೊಂಡ್ರು ಮಿಸ್. ಕಾಲು ಜಾರಿತು ಅಂದ್ರು ಎಲ್ಲರೂ. ಆಮೇಲೆ ಅದನ್ನ ಇಟ್ಟಿಗೆ ಇಟ್ಟು ಮುಚ್ಚಿಸಿದ್ರು. ನನ್ನ ಹೆಸರು ಬಂದರೆ ನೀನು ಅವತ್ತು ಅಲ್ಲಿದ್ದೆಯಾ ಅಂತ ಯಾರಾದರೂ ಕೇಳ್ತಾರೆ. ಅದಕ್ಕೆ ಬೇಡ ಅಂದೆ."

ಮಿಸ್ ತುಟಿಗೆ ಹಿಡಿದಿದ್ದ ಲೋಟವನ್ನು ಕೆಳಗಿಟ್ಟರು. ಗೇಟಿನ ಹತ್ತಿರ ಬಂದಿದ್ದ ಹೆಂಗಸಿನ ವಿಷಯವನ್ನು ಮೆಲ್ಲಗೆ ಹೇಳಿದರು. ಬೆಳ್ಳಗಿನ ಕೂದಲು, ನೆಟ್ಟಗಿನ ಬೆನ್ನು, ಕಣ್ಣಲ್ಲಿ ನೀರು. ಪೂರ್ವದ ಕಿಂಡಿಯನ್ನು ಕೇಳಿದ್ದು.

"ಆಮೇಲೆ, 'ನನ್ನ ಹುಡುಗರು ಚೆನ್ನಾಗಿದಾರಾ' ಅಂತ ಕೇಳಿದ್ರಂತೆ."

ಚಿಕ್ಕಮ್ಮ ತಟ್ಟನೆ ತಲೆಯೆತ್ತಿದರು. "ಆ ಮಾತು ಅಚ್ಚಾಗಿಲ್ಲ."

"ಅದನ್ನೇ ನಾನೂ ಯೋಚಿಸ್ತಿದ್ದೀನಿ. ಲೈಬ್ರರಿ ಅಮ್ಮನೇ ಬದುಕಿ..."

"ಇಲ್ಲ. ಅವರನ್ನ ಮಣ್ಣಿಗಿಟ್ಟಾಗ ನಾನಿದ್ದೆ. ಹೂ ಹಾಕಿದ್ದೆ."

"ಹಾಗಾದ್ರೆ ಆ ಮಾತು ಇನ್ಯಾರಿಗೆ ಗೊತ್ತಿತ್ತು?"

ಚಿಕ್ಕಮ್ಮ ತುಟಿ ತೆರೆದರು. ಮಾತು ಬರುವ ಮುಂಚೆ ಕೆಳಗಿನಿಂದ ಷಟರ್ ಬಡಿದ ಸದ್ದು ಬಂತು. ಅದರ ಹಿಂದೆಯೇ ಗುಬ್ಬಿಯ ದನಿ. ಎರಡು ದಿನದಿಂದ ಅಳುತ್ತಿದ್ದ ಹುಡುಗಿಯ ದನಿಯಲ್ಲಿ ಈಗ ಸಂತೋಷ ಉಕ್ಕುತ್ತಿತ್ತು.

"ಚಿಕ್ಕಮ್ಮಾ! ಬೇಗ ಬಾ ಕೆಳಗೆ! ಯಾರು ಬಂದಿದಾರೆ ನೋಡು! ಇವರಿಗೆ ನಮ್ಮ ಬಾವಲಿ ಕಥೆ ಪೂರ್ತಿ ಗೊತ್ತು!"

ಮಿಸ್ ಎದ್ದು ಮೆಟ್ಟಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದರು. ಅಷ್ಟರಲ್ಲಿ ಚಿಕ್ಕಮ್ಮ ಕಿಟಕಿಯ ಪರದೆ ಸರಿಸಿ ಕೆಳಗೆ ನೋಡಿದವರು, ಅಲ್ಲಿಂದಲೇ ಕೈ ಚಾಚಿ ಮಿಸ್ ಅವರ ಸೆರಗು ಹಿಡಿದೆಳೆದರು.

ಕೆಳಗೆ ಬೀದಿ ದೀಪ ಆಗತಾನೇ ಹತ್ತಿತ್ತು. ಅದರ ಅಡಿಯಲ್ಲಿ ಬೆಳ್ಳಗಿನ ಕೂದಲಿನ ಹೆಂಗಸೊಬ್ಬರು ಬೆನ್ನು ನೆಟ್ಟಗೆ ಮಾಡಿ ನಿಂತಿದ್ದರು. ಗುಬ್ಬಿಯ ಕೈ ಅವರ ಕೈಯೊಳಗಿತ್ತು.

"ಯಾರು ಅವರು?" ಮಿಸ್ ಪಿಸುಗುಟ್ಟಿದರು.

"ಅವತ್ತು ಗೋಪುರದಲ್ಲಿ ನಾವು ಮೂರು ಜನ ಇದ್ವಿ," ಎಂದರು ಚಿಕ್ಕಮ್ಮ. ಹಿಡಿದ ಸೆರಗನ್ನು ಅವರಿನ್ನೂ ಬಿಟ್ಟಿರಲಿಲ್ಲ. "ಲೈಬ್ರರಿ ಅಮ್ಮ ಕಿಂಡಿ ಹತ್ತಿರ ನಿಂತಿದ್ರು. ಅವರ ಹಿಂದೆ ನಿಂತಿದ್ದವರು ಇವರು."